ಬಾಗಿಲ ಬಳಿಯ ಚಾಪೆ

ಹೊಸಪೇಟೆಯ ಕಾಲುವೆ ಪಕ್ಕದ ನಮ್ಮ ಚಿಕ್ಕ ಚರ್ಚಿನಲ್ಲಿ ಬೆಂಚುಗಳಿರಲಿಲ್ಲ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಎಲ್ಲರೂ ಜಮಖಾನದ ಮೇಲೆ. ಮುಂದೆ, ಪಾದ್ರಿ ಅಯ್ಯನವರು ನಿಂತು ಪ್ರಸಂಗ ಮಾಡುವ ಮೇಜಿನ ಪಕ್ಕ, ನಾಲ್ಕು ಮರದ ಕುರ್ಚಿಗಳು. ಸಭೆ ಆರಿಸಿದ ನಾಲ್ವರು ಹಿರಿಯರು ಅಲ್ಲಿ ಕೂರುತ್ತಿದ್ದರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ನಡೆಯುವಾಗ ರೊಟ್ಟಿಯ ತುಣುಕುಗಳ ತಟ್ಟೆ, ದ್ರಾಕ್ಷಾರಸದ ಸಣ್ಣ ಲೋಟಗಳ ತಟ್ಟೆ ಹಿಡಿದು ಅಯ್ಯನವರಿಗೆ ಸಹಾಯ ಮಾಡುವವರೂ ಅವರೇ. ಎದ್ದು ಮುಂದೆ ಬರಲಾಗದವರು ಇದ್ದಲ್ಲಿಗೆ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಒಯ್ದು ಕೊಡುವುದು ನಾಲ್ಕನೆಯ ಕುರ್ಚಿಯವರ ಕೆಲಸ.

ಹಿಂದೆ, ಬಾಗಿಲ ಒಳಗೋಡೆಗೆ ಹತ್ತಿಕೊಂಡು ಒಂದು ಈಚಲ ಚಾಪೆ ಇತ್ತು. ತಡವಾಗಿ ಬಂದವರು, ಹಾಲು ಕುಡಿಸುವ ತಾಯಂದಿರು, ಮೊಣಕಾಲು ಮಡಚಲಾಗದವರು ಅದರ ಮೇಲೆ ಕೂರುತ್ತಿದ್ದರು. ಚಾಪೆಯಾಚೆ ಹೊಸ್ತಿಲು, ಹೊಸ್ತಿಲಾಚೆ ಮೆಟ್ಟಿಲು, ಮೆಟ್ಟಿಲ ತುಂಬ ಚಪ್ಪಲಿ. ಅದಿರಿನ ಲಾರಿಗಳು ಊರನ್ನು ಸೀಳಿಕೊಂಡು ಓಡತೊಡಗಿದ ಮೇಲೆ ಆ ಚಪ್ಪಲಿಗಳೆಲ್ಲ ಕೆಂಪು ಧೂಳಿನಲ್ಲಿ ಒಂದೇ ಬಣ್ಣದವಾದವು. ಗುರುತು ಹಿಡಿಯುವುದು ಕಷ್ಟವಾಗಿ ಕೆಲವರು ಪಟ್ಟಿಗೆ ಬಟ್ಟೆಯ ಚೂರು ಕಟ್ಟುತ್ತಿದ್ದರು.

ಆ ವರ್ಷಗಳಲ್ಲಿ ನಮ್ಮಕ್ಕ ಮುಂದಿನ ಕುರ್ಚಿಯನ್ನು ಒಲ್ಲೆನೆಂದು ಹಿಂದಿನ ಚಾಪೆಗೆ ಬಂದು ಕುಳಿತಳು. ಅದರಿಂದ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ನಾನು ಆಗ ಒಂದು ದಿನಪತ್ರಿಕೆಯ ಹೊಸಪೇಟೆ ವರದಿಗಾರ. ನೋಡುವುದೇ ನನ್ನ ಕೆಲಸ. ಇದನ್ನು ನೋಡುವುದಕ್ಕೆ ಮಾತ್ರ ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಅವ್ವನಿಂದ ಶುರು ಮಾಡಬೇಕು. ಅವಳು ಮಿಷನ್ನಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಜೊತೆ ಅದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಇನ್ನೊಬ್ಬಳನ್ನು ನಾವು ದೊಡ್ಡವ್ವ ಎಂದು ಕರೆಯುತ್ತಿದ್ದೆವು. ಸಂಬಂಧಿಯಲ್ಲ, ವಯಸ್ಸಿನಲ್ಲಿ ಅವ್ವನಿಗಿಂತ ಹಿರಿಯಳು, ಅಷ್ಟೇ. ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೋಗಲಾಗದ ಹುಡುಗಿಯರನ್ನು ಹಾಸ್ಟೆಲಿನವರು ಒಂದು ದಿನ ಹಂಪಿಗೆ ಕರೆದೊಯ್ಯುತ್ತಿದ್ದರು. ಹೊಳೆಯ ದಂಡೆಯಲ್ಲಿ, ಬಂಡೆಯೊಂದರ ನೆರಳಿನಲ್ಲಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸುತ್ತಿದ್ದರು. ಅಕ್ಕನಿಗೆ ಆಗ ಹನ್ನೆರಡೋ ಹದಿಮೂರೋ, ನನಗೆ ಐದಾರು. ಎಲ್ಲರಿಗೂ ಬಡಿಸಿ ಆದ ಮೇಲೆ ಅವ್ವ ಪಾತ್ರೆಯ ತಳ ಕೆರೆದು, ಸೀದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕುಳಿತಳು.

"ಯವ್ವಾ, ನಿನಗ ಸೀದದ್ದ ಯಾಕ?" ಎಂದು ಅಕ್ಕ ಕೇಳಿದಳು.

"ಬಡಿಸಾಕಿ ಕಡೀಕ ಉಣಬೇಕವ್ವಾ. ಮೊದಲ ಉಂಡ್ರ ಕೈ ಸಣ್ಣದಾಕ್ಕೈತಿ."

ಪಕ್ಕದಲ್ಲಿ ದೊಡ್ಡವ್ವ ತನ್ನ ತಟ್ಟೆ ಮುಂದೆ ಹಿಡಿದಳು. "ಸೀದದ್ದರಾಗೂ ನನ್ನ ಪಾಲು ಐತಿ. ಎಲ್ಲಾ ನೀನ ಬಳಕೊಂಡು ಸ್ವರ್ಗಕ್ಕ ಹೋಗಬ್ಯಾಡ."

ಅವ್ವ ನಕ್ಕು ಅರ್ಧ ಹಾಕಿದಳು. ಅಕ್ಕನಿಗೆ ಅವ್ವ ಹೇಳಿದ್ದು ಜೀವನವಿಡೀ ನೆನಪಿತ್ತು. ದೊಡ್ಡವ್ವ ಹೇಳಿದ್ದು ಮರೆತುಹೋಗಿತ್ತು.

ಅಕ್ಕನ ಗಂಡ, ನಮ್ಮ ಮಾಮ, ಲಾರಿ ಡ್ರೈವರ್. ಮಾತು ಕಡಿಮೆಯ ಮನುಷ್ಯ. ಅದಿರಿಗೆ ಬೆಲೆ ಬಂದ ಹೊಸದರಲ್ಲಿ ಅವನು ಯಶವಂತನಗರದ ಲೋಡಿಂಗ್ ಸಾಲಿನಲ್ಲಿ ಎರಡು ದಿನ ಲಾರಿಯಲ್ಲೇ ಕಾದು, ಬರೀ ಬಿಸ್ಕತ್ತು ತಿಂದು ಮನೆಗೆ ಬಂದ. "ಅಲ್ಲಿ ಎಲ್ಲಾರ ಕಿಸೇದಾಗೂ ರೊಕ್ಕ ಐತಿ. ತಿನ್ನಾಕ ಮಾತ್ರ ಏನೂ ಇಲ್ಲ," ಎಂದ. ಮುಂದಿನ ಸಲ ಹೋಗುವಾಗ ಅಕ್ಕ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು, ಅವನಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಸಾಲು ಅರ್ಧ ಸರಿಯುವುದರೊಳಗೆ ಬುಟ್ಟಿಯಲ್ಲಿದ್ದದ್ದನ್ನೆಲ್ಲ ಉಳಿದ ಡ್ರೈವರುಗಳು ಕೊಂಡು ತಿಂದಿದ್ದರು. ಅಲ್ಲಿಂದ ಸಂಡೂರು ಕಡೆಯ ಒಂದು ಗಣಿಯ ಮೆಸ್ ಸಿಕ್ಕಿತು. ಆಮೇಲೆ ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರಿಗೆ ಶಿಫ್ಟಿನ ಊಟ ಕೊಡುವ ಕಂಟ್ರಾಕ್ಟು. ಪಾಪಿನಾಯಕನಹಳ್ಳಿಯ ಹತ್ತಿರ ರಸ್ತೆ ಪಕ್ಕ ತಗಡಿನ ದೊಡ್ಡ ಶೆಡ್ಡು ಹಾಕಿ ಅಡುಗೆಮನೆ ಮಾಡಿದಳು. ಮೂವತ್ತಕ್ಕೂ ಹೆಚ್ಚು ಹೆಂಗಸರು ಅಲ್ಲಿ ಕೆಲಸಕ್ಕಿದ್ದರು. ಹೆಚ್ಚಿನವರು ಅದಕ್ಕೆ ಮುಂಚೆ ಹೊಲದ ಕೂಲಿಗೋ ಅದಿರು ಆರಿಸುವುದಕ್ಕೋ ಹೋಗುತ್ತಿದ್ದವರು. ಮಾಮ ಲಾರಿ ಬಿಟ್ಟು ಊಟದ ವ್ಯಾನು ಓಡಿಸತೊಡಗಿದ.

ಅಕ್ಕ ವ್ಯವಹಾರದಲ್ಲಿ ಮೆತ್ತಗಿನವಳಲ್ಲ. ಅಕ್ಕಿಗೆ ಕಂಪ್ಲಿಯ ಗಿರಣಿಗೆ ತಾನೇ ಹೋಗುತ್ತಿದ್ದಳು. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಕಡಿದು, ಹಳೆಯದೋ ಹೊಸದೋ ಹೇಳುತ್ತಿದ್ದಳು. ಗಿರಣಿಯ ಸಾವ್ಕಾರರು ಹಣೆಯ ತುಂಬ ವಿಭೂತಿ ಧರಿಸುವ ವಯಸ್ಸಾದ ಮನುಷ್ಯ. ಅವರಿಗೆ ಅವಳ ಮೇಲೆ ಅಭಿಮಾನವೂ ಇತ್ತು, ಭಯವೂ ಇತ್ತು.

"ಏನವ್ವಾ, ಹಿಂಗ ಚೌಕಾಶಿ ಮಾಡು ಅಂತ ನಿಮ್ಮ ದೇವರು ಹೇಳ್ಯಾನೇನು?"

"ಮಾಡಬ್ಯಾಡ ಅಂತ ಎಲ್ಲೂ ಹೇಳಿಲ್ರೀ ಸಾವ್ಕಾರ್ರ."

"ಭಾಳ ತಗ್ಗಿ ಬಗ್ಗಿ ನಡೀತಿ ಅಂತ ಕೇಳಿದ್ದೆ."

"ನಡಿಯಾಕ ತಗ್ಗೀನ್ರಿ. ಅಕ್ಕಿ ಕೊಳ್ಳಾಕಲ್ಲ."

ತೋರಣಗಲ್ಲಿನ ಕಂಟ್ರಾಕ್ಟು ಅವಳಿಗಿಂತ ಮೊದಲು ಬಳ್ಳಾರಿಯ ಹೋಟೆಲಿನವರೊಬ್ಬರ ಹತ್ತಿರ ಇತ್ತು. ಅಕ್ಕ ಒಂದು ವಾರ ಕಾರ್ಖಾನೆಯ ಗೇಟಿನ ಹೊರಗೆ ಬೇವಿನ ಮರದಡಿ ನಿಂತು, ಶಿಫ್ಟು ಮುಗಿಸಿ ಬಂದವರನ್ನು "ಏನು ಉಂಡ್ರಿ, ಏನು ಬಿಟ್ರಿ" ಎಂದು ಕೇಳಿದಳು. ಅವರು ರೊಟ್ಟಿ ಬಿಡುತ್ತಿದ್ದರು. ರೊಟ್ಟಿ ತಣ್ಣಗಾಗಿ ಚಕ್ಕೆಯಾಗಿರುತ್ತಿತ್ತು. ಅಕ್ಕ ಬುಟ್ಟಿಗಳಿಗೆ ಕಂಬಳಿ ಹೊಲಿಸಿದಳು, ವ್ಯಾನು ಹೊರಡುವ ಹೊತ್ತಿಗೆ ಸರಿಯಾಗಿ ರೊಟ್ಟಿ ಹಂಚಿನಿಂದ ಇಳಿಯುವ ಹಾಗೆ ಸಮಯ ಕಟ್ಟಿದಳು, ಕಂಟ್ರಾಕ್ಟು ಗೆದ್ದಳು. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಸುದ್ದಿ ಸಂಗ್ರಹಿಸುವವರನ್ನು ನಾನು ಹೆಚ್ಚು ನೋಡಿಲ್ಲ. ಅವಳ ಬಗ್ಗೆ ಪತ್ರಿಕೆಯಲ್ಲಿ ಒಂದು ಸಾಲೂ ಬರೆಯುವುದಿಲ್ಲ ಎಂದು ಸಂಪಾದಕರಿಗೆ ಮೊದಲೇ ತಿಳಿಸಿದ್ದೆ. ಅವಳ ವ್ಯವಹಾರದಲ್ಲಿ ಬಾಯಿ ಹಾಕುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗೆದ್ದಷ್ಟೂ ಅವಳಿಗೆ ಒಂದು ಹೆದರಿಕೆ ಬೆಳೆಯಿತು, ತಾನು ದೊಡ್ಡವಳಾಗಿಬಿಟ್ಟೆನೇನೋ ಎಂದು. ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಹಳೆಯ ಸೀರೆಯುಟ್ಟು ಎಲ್ಲರ ಸಾಲಿನಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹೊರಗಿನವರು ಬಂದರೆ ತನ್ನನ್ನು ಯಜಮಾನಿ ಎಂದು ತೋರಿಸಬಾರದೆಂದು ಹೆಂಗಸರಿಗೆ ತಾಕೀತು ಮಾಡಿದ್ದಳು. ಚರ್ಚಿಗೆ ಹೊಸ ತಗಡು ಹೊದಿಸಿಕೊಟ್ಟು, ಗೋಡೆಗೆ ಹೆಸರಿನ ಕಲ್ಲು ಬೇಡವೆಂದು ಅಯ್ಯನವರ ಹತ್ತಿರ ಮಾತು ತೆಗೆದುಕೊಂಡಳು. ಆ ವರ್ಷ ನಾಲ್ಕನೆಯ ಕುರ್ಚಿಯ ಹಿರಿಯರು ಮಗಳ ಊರಿಗೆ ಹೋಗಿ ನೆಲೆಸಿದಾಗ ಸಭೆ ಅಕ್ಕನನ್ನು ಆರಿಸಿತು. ಹೆಂಗಸೊಬ್ಬಳಿಗೆ ಆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅಕ್ಕ ಹೆಸರಿಗೆ ಒಪ್ಪಿದಳು, ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಕೊನೆಯ ಜಾಗ ಹಿಡಿಯಬೇಕೆಂಬ ಯೇಸುಕರ್ತನ ಬೋಧನೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳು ಸೀದಾ ಹಿಂದಕ್ಕೆ ಹೋಗಿ ಬಾಗಿಲ ಬಳಿಯ ಚಾಪೆಯ ಮೇಲೆ ಕುಳಿತಳು.

ಮೊದಲ ವಾರ ಎಲ್ಲರೂ ತಿರುಗಿ ನೋಡಿದರು. ಎರಡನೆಯ ವಾರ ಅಯ್ಯನವರು ಪ್ರಸಂಗದಲ್ಲಿ ಹೆಸರು ಹೇಳದೆ ಹೊಗಳಿದರು, ಎಲ್ಲರೂ ಮತ್ತೆ ತಿರುಗಿ ನೋಡಿದರು. ಅಕ್ಕ ನಾಚಿ ಇನ್ನಷ್ಟು ಹಿಂದಕ್ಕೆ, ಗೋಡೆಯ ಮೂಲೆಗೆ ಸರಿದಳು. ಕೆಲವೇ ವಾರಗಳಲ್ಲಿ ಚಾಪೆಯ ಸುತ್ತ ಜನ ತುಂಬಿದರು. ಮಗಳಿಗೆ ಕೆಲಸ ಬೇಕಾದವಳು, ಮಗನನ್ನು ವ್ಯಾನಿಗೆ ಸೇರಿಸಬೇಕಾದವನು, ಸುಮ್ಮನೆ ಅವಳ ಕಣ್ಣಿಗೆ ಬೀಳಬೇಕಾದವರು. ಮುಂದಿನ ಜಮಖಾನ ಖಾಲಿ, ಬಾಗಿಲ ಬಳಿ ಸಂತೆ. ಮಾಮ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದ: "ನಿಮ್ಮಕ್ಕ ಹಿಂದ ಕುಂತಿಲ್ಲ. ಚರ್ಚನ್ನ ತಿರುಗಿಸಿ ಇಟ್ಟಾಳ."

ನಾನು ನಕ್ಕೆ. ಅದು ಬರೀ ತಮಾಷೆಯಲ್ಲ ಎಂದು ತಿಳಿಯಲಿಲ್ಲ.

ತೋರಣಗಲ್ಲಿನ ಕಂಟ್ರಾಕ್ಟು ಮುಗಿಯುವ ಕಾಲ ಬಂತು. ಈ ಸಲ ಕಣದಲ್ಲಿ ಮೂವರು: ಅಕ್ಕ, ಬಳ್ಳಾರಿಯ ಅದೇ ಹೋಟೆಲಿನವರು, ಹೊರಗಿನ ಒಂದು ದೊಡ್ಡ ಕಂಪನಿ. ಅಕ್ಕನ ಅಡುಗೆಮನೆಯ ಮುಕ್ಕಾಲು ಒಲೆಗಳು ಆ ಒಂದು ಕಂಟ್ರಾಕ್ಟಿಗೇ ಉರಿಯುತ್ತಿದ್ದವು. ಅದು ಹೋದರೆ ಹೆಂಗಸರಲ್ಲಿ ಹೆಚ್ಚಿನವರು ಮತ್ತೆ ಅದಿರಿನ ಗುಡ್ಡೆಗೆ ಹೋಗಬೇಕು. ಎಲ್ಲರಿಗೂ ಅದು ಗೊತ್ತಿತ್ತು.

ಕಾರ್ಖಾನೆಯ ಅಧಿಕಾರಿಯೊಬ್ಬರು ಮೂವರ ಅಡುಗೆಮನೆಯನ್ನೂ ನೋಡಲು ಹೊರಟರು. ಮೈಸೂರು ಕಡೆಯವರು, ಸೌಮ್ಯ ಮಾತಿನವರು. ಅವರು ಬಂದ ಬೆಳಿಗ್ಗೆ ನಾನು ತಿಂಡಿಗೆಂದು ಶೆಡ್ಡಿನಲ್ಲೇ ಇದ್ದೆ, ಒಂದು ಮೂಲೆಯಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ. ಅಕ್ಕ ಸಾಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಧಿಕಾರಿ ನೀರಿನ ತೊಟ್ಟಿ ನೋಡಿದರು, ಕಾಳಿನ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು, ಸಮಾಧಾನವಾಗಿ ತಲೆಯಾಡಿಸಿದರು. ಆಮೇಲೆ ಕೇಳಿದರು:

"ಓನರ್ ಯಾರಮ್ಮ?"

ಉಗ್ರಾಣ ನೋಡಿಕೊಳ್ಳುವವಳು ಅಕ್ಕನ ಕಡೆ ನೋಡಿದಳು. ಅಕ್ಕ ತಲೆಯೆತ್ತಲಿಲ್ಲ. ಕಲಿಸಿಕೊಟ್ಟಿದ್ದ ಮಾತನ್ನು ಉಗ್ರಾಣದವಳು ಒಪ್ಪಿಸಿದಳು: "ನಾವೆಲ್ಲಾರೂ ಓನರ್ರ ಸರ್."

ಅಧಿಕಾರಿ ನಕ್ಕರು. "ಒಳ್ಳೇದು. ಹಾಗಾದರೆ ಯಾರಾದರೂ ಒಬ್ಬರು ಹೇಳಿ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಬೇಳೆ ಸಾರು ಬರಲಿಲ್ಲ, ಅದರ ಬದಲು ಉಪ್ಪಿಟ್ಟು ಬಾಳೆಹಣ್ಣು ಬಂತು ಅಂತ ನಮ್ಮ ರಿಜಿಸ್ಟರಿನಲ್ಲಿದೆ. ಯಾಕೆ? ಸಾರು ಕೆಟ್ಟಿತ್ತಾ? ತಡೆದವರು ಯಾರು?"

ಸಾರು ಕೆಟ್ಟಿದ್ದು ನಿಜ. ಅದನ್ನು ತಡೆದವಳು ಅಕ್ಕ. ಆವತ್ತು ವ್ಯಾನು ಹೊರಡುವ ಹೊತ್ತಿಗೆ ಮುಚ್ಚಳ ತೆಗೆಸಿ ಮೂಸಿ ನೋಡಿ, ಎರಡು ದೊಡ್ಡ ಡಬರಿ ಸಾರನ್ನು ರಸ್ತೆಯಾಚೆ ಚೆಲ್ಲಿಸಿ, ನಿಂತ ಕಾಲಲ್ಲಿ ಉಪ್ಪಿಟ್ಟು ಕೆದಕಿಸಿ ಕಳಿಸಿದ್ದಳು. ಒಬ್ಬರೂ ಹಸಿದಿರಲಿಲ್ಲ. ಅದನ್ನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಹೇಳಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ಬಡಿದಳು, ಅದು ಅಂಚಿನಲ್ಲಿ ಹರಿಯುವವರೆಗೆ. ಸಾರು ಮಾಡಿದ್ದ ಹೆಂಗಸು ಒಲೆಯ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ನಾನೂ ಬಾಯಿ ತೆಗೆಯಲಿಲ್ಲ. ಅವಳ ವ್ಯವಹಾರಕ್ಕೆ ಕೈಹಾಕಬಾರದೆಂಬ ನಿಯಮ ನನ್ನದು.

ಅಧಿಕಾರಿ ತುಸು ಕಾದು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೊರಡುವಾಗ ಉಗ್ರಾಣದವಳಿಗೆ ಹೇಳಿದರು: "ಅಡುಗೆಮನೆ ಚೆನ್ನಾಗಿದೆ. ಆದರೆ ಕೇಳಿದ್ದಕ್ಕೆ ಉತ್ತರ ಕೊಡುವವರು ಇಲ್ಲ. ಮಂಗಳವಾರ ಕೊನೇ ಮೀಟಿಂಗು. ಓನರ್ ಅನ್ನೋರು ಯಾರಾದರೂ ಇದ್ದರೆ ಬರಲಿ."

ಜೀಪು ಹೋದ ಮೇಲೆ ಮಾಮ ಅಕ್ಕನ ಎದುರು ಕುಕ್ಕರುಗಾಲಲ್ಲಿ ಕುಳಿತ. "ನಿನ್ನ ಬಾಯಿಗೆ ಏನಾಗಿತ್ತು?"

"ನಾನ ತಡದೆ, ನಾನ ಚೆಲ್ಲಿದೆ, ನಾನ ಉಪ್ಪಿಟ್ಟು ಮಾಡಿಸಿದೆ ಅಂತ ನನ್ನ ಬಾಯಲೆ ನನ್ನ ಹೊಗಳಿಕೊಳ್ಳಲೇನು?"

"ಹೊಗಳಿಕೊಬ್ಯಾಡ. ಹೇಳು ಅಷ್ಟ."

"ಎರಡೂ ಒಂದ," ಎಂದಳು ಅಕ್ಕ. ಹಾಗೆ ಹೇಳಿ ಸಾರು ಮಾಡಿದ್ದವಳ ಕಡೆ ನೋಡಿದಳು. ಆ ಹೆಂಗಸು ಅಳುತ್ತಿದ್ದಳು. ಕಂಟ್ರಾಕ್ಟು ಹೋದರೆ ಅದು ತನ್ನಿಂದ ಎಂದು ಅವಳು ಆಗಲೇ ತೀರ್ಮಾನಿಸಿಕೊಂಡಿದ್ದಳು. ಅಕ್ಕ ಎದ್ದು ಹೋಗಿ ಅವಳ ಬೆನ್ನ ಮೇಲೆ ಹಿಟ್ಟಿನ ಕೈ ಇಟ್ಟಳು.

ಭಾನುವಾರ ಪ್ರಾರ್ಥನೆಯ ನಡುವೆ ನನ್ನ ಮೊಬೈಲ್ ಅದುರಿತು. ಬೆಂಗಳೂರಿನ ಡೆಸ್ಕಿನಿಂದ ಕರೆ. ಅಕ್ಕನ ಸುತ್ತ ಕುಳಿತವರನ್ನು ದಾಟಿ, ಹೊಸ್ತಿಲಾಚೆ ಬಂದೆ. ಮಾತು ಮುಗಿಸಿ ತಿರುಗಿದಾಗ ಮೆಟ್ಟಿಲ ತುದಿಯಲ್ಲಿ, ಚಪ್ಪಲಿಗಳ ಮಧ್ಯೆ, ಗೋಡೆಗೆ ಒರಗಿ ಕುಳಿತವಳು ಕಂಡಳು. ಒಂದು ಕಾಲು ಮುಂದಕ್ಕೆ ಚಾಚಿಕೊಂಡಿತ್ತು. ಸೀರೆಯ ಅಂಚು ಕೆಂಪು ಧೂಳಿನಲ್ಲಿ ಗಟ್ಟಿಯಾಗಿತ್ತು. ಒಳಗೆ ಹಾಡುತ್ತಿದ್ದ ಕೀರ್ತನೆಯನ್ನು ಅವಳು ಇಲ್ಲಿಂದ ಅರ್ಧ ದನಿಯಲ್ಲಿ ಹಾಡುತ್ತಿದ್ದಳು, ಒಂದು ಸಾಲು ಹಿಂದೆ.

"ದೊಡ್ಡವ್ವಾ, ಇಲ್ಯಾಕ ಕುಂತಿ?"

"ಒಳಗ ಜಾಗ ಎಲ್ಲೈತಪಾ?"

"ಎಷ್ಟು ದಿನದಿಂದ ಇಲ್ಲಿ?"

ಅವಳು ಲೆಕ್ಕ ಹಾಕಿದಳು. "ಮಾವಿನಕಾಯಿ ಬರೂದಕ್ಕ ಮೊದಲಿಂದ."

ಅದು ದಸರಾ ಹತ್ತಿರವಾಗುತ್ತಿದ್ದ ಕಾಲ. ಅಷ್ಟು ಭಾನುವಾರಗಳೂ ನಾನು ಇದೇ ಮೆಟ್ಟಿಲು ಹತ್ತಿ ಇಳಿದಿದ್ದೆ. ಹೊರಡುವ ಅವಸರದಲ್ಲಿ ಚಪ್ಪಲಿ ಹುಡುಕುತ್ತಿದ್ದೆನೇ ಹೊರತು ಅವುಗಳ ನಡುವೆ ಯಾರಿದ್ದಾರೆಂದು ನೋಡಿರಲಿಲ್ಲ. ಕೊನೆಯ ಕೀರ್ತನೆ ಮುಗಿಯುವ ಹೊತ್ತಿಗೆ ಎದ್ದು ಮೊಮ್ಮಗಳ ಮನೆಯ ಕಡೆ ನಡೆಯುವುದು ಅವಳ ರೂಢಿಯಾಗಿತ್ತಂತೆ. ಅವಳ ಕಾಲಿಗೆ ಗದ್ದಲದಲ್ಲಿ ನಡೆಯುವುದು ಆಗುತ್ತಿರಲಿಲ್ಲ. ಅವತ್ತು ನಾನು ಮಾತಿಗೆ ನಿಲ್ಲಿಸಿದ್ದರಿಂದ ಉಳಿದಳು.

ಸಭೆ ಬಿಟ್ಟಿತು. ಅಕ್ಕ ಹೊಸ್ತಿಲಿಗೆ ಬಂದು ದೊಡ್ಡವ್ವನನ್ನು ನೋಡಿದಳು. ಹಿಂದೆ ನಾಲ್ಕೈದು ಜನ.

"ಅಯ್ಯ, ದೊಡ್ಡವ್ವಾ. ಕಾಣವಲ್ಲಿ ಅಂತ ಮಾಡಿದ್ದೆ. ಇಲ್ಲೇ ಅದೀಯಲ್ಲ. ಒಳಗ ಬರಬಾರದೇನು?"

"ಬಂದಿದ್ನೆವ್ವಾ. ನೀನು ನನ್ನ ಗ್ವಾಡಿಗೆ ಒರಗಿಕೊಂಡು ಕುಂತಿದ್ದಿ."

ಅಕ್ಕನಿಗೆ ಅರ್ಥವಾಗಲಿಲ್ಲ. ದೊಡ್ಡವ್ವ ಸಿಟ್ಟಿಲ್ಲದ ದನಿಯಲ್ಲೇ ಮುಂದುವರಿಸಿದಳು. "ಆ ಮೂಲ್ಯಾಗ ಗ್ವಾಡಿ ಐತಿ, ಒರಗಾಕ ಆಕ್ಕೈತಿ. ಕಾಲು ಚಾಚಬಹುದು. ನಡಬರಕ ಎದ್ದು ಹೊರಗ ಹೋಗಬೇಕಂದ್ರ ಬಾಗಿಲು ಪಕ್ಕದಾಗೈತಿ. ನನ್ನ ವಯಸ್ಸಿಗೆ ಎಷ್ಟು ಸಲ ಏಳಬೇಕು ಅಂತ ನಿನಗೇನು ಗೊತ್ತು. ನೀನು ಬಂದು ಕುಂತಿ. ಸರದೆ. ನಿನ್ನ ಹಿಂದ ಇವರೆಲ್ಲಾ ಬಂದ್ರು. ಇನ್ನೊಂಚೂರು ಸರದೆ. ಸರಕೋಂತ ಸರಕೋಂತ ಇಲ್ಲಿಗೆ ಬಂದೀನಿ. ಇನ್ನ ಸರಿಬೇಕಂದ್ರ ಕಾಲುವಿಗೆ ಬೀಳಬೇಕು."

ಹಿಂದೆ ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು.

"ನಾನು ದೊಡ್ಡಸ್ತಿಕಿ ಬ್ಯಾಡ ಅಂತ ಹಿಂದ ಬಂದೆ ದೊಡ್ಡವ್ವಾ," ಎಂದಳು ಅಕ್ಕ. ದನಿ ಸಣ್ಣದಾಗಿತ್ತು. "ಕೊನೇ ಜಾಗದಾಗ ಕುಂದ್ರು ಅಂತ ಕರ್ತನ ಹೇಳ್ಯಾನಲ್ಲ."

"ಕೊನೇ ಜಾಗದಾಗ ಕುಂದ್ರು ಅಂದಾನ. ಅಲ್ಲಿ ಕುಂತಾಕಿನ್ನ ಎಬ್ಬಿಸಿ ಕುಂದ್ರು ಅಂದಾನೇನು?"

ಅಕ್ಕ ಮೆಟ್ಟಿಲ ಮೇಲೆ, ಅವಳ ಪಕ್ಕ, ಆ ಧೂಳಿನಲ್ಲಿ ಕುಳಿತಳು. ಒಳ್ಳೆಯ ಸೀರೆ ಉಟ್ಟಿದ್ದಳು, ನೋಡಿಕೊಳ್ಳಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಕರಗಿದರು.

"ಮುಂದ ಒಂದು ಕುರ್ಚಿ ಖಾಲಿ ಬಿದ್ದೈತಿ," ಎಂದಳು ದೊಡ್ಡವ್ವ. "ಅದು ನಿನ್ನ ಜಾಗ. ಎಲ್ಲಾರೂ ಕೂಡಿ ಮ್ಯಾಲ ಬಾ ಅಂತ ಕರದಾರ. ಕರದಾಗ ಹೋಗಬೇಕವ್ವಾ. ಒಲ್ಲೆ ಅಂದ್ರ ಅದೂ ಒಂದು ಸೊಕ್ಕ."

ಆಮೇಲೆ ದೊಡ್ಡವ್ವ, ಇದನ್ನು ಹೇಳಬೇಕೋ ಬೇಡವೋ ಎಂಬಂತೆ, ಕಾಲುವೆಯ ಕಡೆ ನೋಡುತ್ತಾ ಹೇಳಿದಳು: "ಭೋಜನದ ತಟ್ಟಿ ಚಾಪಿ ತನಕ ಬರ್ತೈತಿ. ನಿನಗ ಕೊಟ್ಟು ಹೊಳ್ಳಿ ಹೋಗ್ತಾರ. ಹೊಸ್ತಿಲ ದಾಟಿ ಇತ್ತಾಗ ಬರಂಗಿಲ್ಲ."

ನಾಲ್ಕನೆಯ ಕುರ್ಚಿ ಖಾಲಿಯಿದ್ದುದರಿಂದ ಮೂರನೆಯವರೇ ಆ ತಟ್ಟೆ ಹಿಂದಕ್ಕೆ ತರುತ್ತಿದ್ದರು. ಚಾಪೆಯ ಕೊನೆಯಲ್ಲಿ ಅಕ್ಕ ಕಂಡರೆ ಅಲ್ಲಿಗೆ ಸಾಲು ಮುಗಿಯಿತೆಂದು ಅವರ ಎಣಿಕೆ. ಮಾವಿನಕಾಯಿಗೆ ಮುಂಚಿನಿಂದ ದಸರೆಯ ತನಕ ಎಂದರೆ ಎಷ್ಟು ತಿಂಗಳು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಅಕ್ಕ ಹಾಕಿರಬೇಕು. ಅವಳು ದೊಡ್ಡವ್ವನ ಚಾಚಿದ ಕಾಲಿನ ಮೇಲೆ ಕೈಯಿಟ್ಟು, ಮೊಣಕಾಲಿನ ಕೆಳಗೆ ಮೆಲ್ಲಗೆ ಒತ್ತತೊಡಗಿದಳು. ಅವ್ವ ಹಾಸ್ಟೆಲಿನಿಂದ ಬಂದ ಸಂಜೆಗಳಲ್ಲಿ ಅವ್ವನ ಕಾಲನ್ನು ಹಾಗೆಯೇ ಒತ್ತುತ್ತಿದ್ದಳು.

"ನಿಮ್ಮವ್ವಂದೂ ಇದ ರೋಗ," ಎಂದಳು ದೊಡ್ಡವ್ವ. "ಸೀದದ್ದು ಎಲ್ಲಾ ತನಗ ಬೇಕು ಅಕೀಗೆ. ನಾನು ತಟ್ಟಿ ಹಿಡೀಬೇಕಿತ್ತು. ಸಾಕು ಬಿಡು, ಒತ್ತಬ್ಯಾಡ. ನಿನ್ನ ಕೈ ಬಿರುಸು."

ಮಂಗಳವಾರದ ಮೀಟಿಂಗಿನ ಕೋಣೆಯಲ್ಲಿ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಸಾರು ಮಾಡಿದ್ದ ಹೆಂಗಸು. ಅಕ್ಕ ಅವಳನ್ನು ಜೊತೆಗೆ ಕರೆದೊಯ್ದಿದ್ದಳು. ಬರೆದದ್ದನ್ನು ಅಕ್ಕನಿಗೂ ಓದಿ ಹೇಳಿದೆ, ಅವಳು ಏನನ್ನೂ ತಿದ್ದಲಿಲ್ಲ.

ಅಕ್ಕ ಕ್ರಿಸ್ಮಸ್ಸಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಅಧಿಕಾರಿ ಕೂರಲು ಹೇಳಿದಾಗ ಕುರ್ಚಿಯ ತುದಿಯಲ್ಲಲ್ಲ, ಪೂರ್ತಿ ಕುಳಿತಳು. ಕೈಚೀಲವನ್ನು ಮೇಜಿನ ಮೇಲೆ ಇಟ್ಟಳು.

"ನಾನು ಓನರ್ ರೀ," ಎಂದಳು. "ಅವತ್ತೂ ನಾನ ಇದ್ದೆ. ರೊಟ್ಟಿ ಬಡೀತಿದ್ದೆ. ನೀವು ಕೇಳಿದಾಗ ಹೇಳಲಿಲ್ಲ, ತಪ್ಪಾತು."

ಆಮೇಲೆ ಸಾರಿನ ಕಥೆಯನ್ನು ನಡೆದ ಹಾಗೆ ಹೇಳಿದಳು. ವ್ಯಾನು ಬೇಗ ತುಂಬಿಸಬೇಕೆಂದು ಬಿಸಿ ಸಾರಿಗೇ ಮುಚ್ಚಳ ಬಿಗಿಸಿ ಬಿಸಿಲಲ್ಲಿ ಇಡಿಸಿದ್ದು ತಾನು. ಅಡುಗೆಯವಳು ಬೇಡವೆಂದಿದ್ದಳು, ತಾನು ಕೇಳಲಿಲ್ಲ. ಹೊರಡುವ ಮುಂಚೆ ಮೂಸಿ ನೋಡಿ ತಡೆದದ್ದೂ ತಾನೇ. ಉಪ್ಪಿಟ್ಟು ಕಳಿಸಿದ್ದೂ ತಾನೇ. ಈಗ ತಣಿಯದೆ ಮುಚ್ಚಳ ಹಾಕುವುದಿಲ್ಲ. ತಪ್ಪನ್ನೂ ಒಳ್ಳೆಯದನ್ನೂ ಒಂದೇ ದನಿಯಲ್ಲಿ ಹೇಳಿದಳಂತೆ. ಇದನ್ನು ನನಗೆ ಹೇಳುವಾಗ ಅಡುಗೆಯವಳು ತನ್ನದೊಂದು ಮಾತು ಸೇರಿಸಿದಳು. "ನಾನು ಬ್ಯಾಡ ಅಂದಿದ್ದು ಅಕ್ಕಾರಿಗೆ ನೆನಪಿತ್ತು," ಎಂದಳು.

"ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಅಧಿಕಾರಿ ಕೇಳಿದರು.

"ದೊಡ್ಡಸ್ತಿಕಿ ಆಕ್ಕೈತಿ ಅಂತ ಸುಮ್ಮನಾದ್ನಿರಿ."

"ನಮಗೆ ದೊಡ್ಡಸ್ತಿಕೆಯೂ ಬೇಡ, ಸಣ್ಣಸ್ತಿಕೆಯೂ ಬೇಡಮ್ಮ. ಊಟ ಕೆಟ್ಟ ದಿನ ಯಾರು ಫೋನ್ ಎತ್ತುತ್ತಾರೆ ಅಂತ ಗೊತ್ತಾಗಬೇಕು. ಅಷ್ಟೇ."

"ನಾನ ಎತ್ತತೀನ್ರಿ."

ರೇಟಿನ ಮಾತು ಬಂದಾಗ ಅವಳು ಕಂಪ್ಲಿಯ ಸಾವ್ಕಾರರ ಎದುರಿನಲ್ಲಿ ಇರುವ ಹಾಗೆಯೇ ಇದ್ದಳಂತೆ. ಕಂಟ್ರಾಕ್ಟು ಅವಳಿಗೇ ಉಳಿಯಿತು. ಸುದ್ದಿ ಶೆಡ್ಡಿಗೆ ಬಂದಾಗ ಹೆಂಗಸರು ಮರುದಿನದ ಹಿಟ್ಟು ಜರಡಿ ಹಿಡಿಯಲು ಕುಳಿತರು. ಒಬ್ಬಳು, "ಇನ್ನ ಮ್ಯಾಲ ಯಾರರ ಬಂದ್ರ ಓನರ್ ಯಾರಂತ ಹೇಳೂಣೋ ಬ್ಯಾಡೋ, ಅಕ್ಕಾರ?" ಎಂದಳು. ಅಕ್ಕ, "ಹೇಳ್ರಿ. ಬೈಸಿಕೊಳ್ಳಾಕರ ಒಬ್ಬಾಕಿ ಬೇಕಲ್ಲ," ಎಂದಳು. ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ರೊಟ್ಟಿ ಬಡಿಯುವುದನ್ನು ಅವಳು ಬಿಡಲಿಲ್ಲ. ಅದು ಅವಳಿಗೆ ಇಷ್ಟದ ಕೆಲಸವಾಗಿತ್ತು.

ಮುಂದೆ ಬಂದದ್ದು ತಿಂಗಳ ಮೊದಲ ಭಾನುವಾರ. ಅಕ್ಕ ಬೇಗ ಬಂದು ನಾಲ್ಕನೆಯ ಕುರ್ಚಿಯ ಧೂಳು ಒರೆಸಿ ಕುಳಿತಳು. ಮನುಷ್ಯರು ಕುರ್ಚಿಯಲ್ಲಿ ಅಷ್ಟು ಕಷ್ಟಪಟ್ಟು ಕುಳಿತದ್ದನ್ನು ನಾನು ನೋಡಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಹಿಡಿಕೆಯ ಮೇಲೆ. ಇಡೀ ಸಭೆ ಅವಳನ್ನೇ ನೋಡುತ್ತಿತ್ತು, ಅವಳ ಹಣೆಯಲ್ಲಿ ಬೆವರು. ಚಾಪೆಯ ಸಂತೆ ಅವಳ ಹಿಂದೆಯೇ ಮುಂದಿನ ಜಮಖಾನಕ್ಕೆ ಬಂದಿತ್ತು. ಹಿಂದೆ ಚಾಪೆಯ ಮೇಲೆ ಹಾಲು ಕುಡಿಸುವ ಇಬ್ಬರು ತಾಯಂದಿರು. ಮೂಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ದೊಡ್ಡವ್ವ. ಪ್ರಸಂಗದ ನಡುವೆ ಅವಳು ಒಮ್ಮೆ ಎದ್ದು ಹೊರಗೆ ಹೋದಳು, ಬಂದಳು, ಮತ್ತೆ ಕಾಲು ಚಾಚಿದಳು. ಯಾರೂ ತಿರುಗಿ ನೋಡಲಿಲ್ಲ.

ಭೋಜನದ ಹೊತ್ತಿಗೆ ಅಯ್ಯನವರು ತಟ್ಟೆಗಳನ್ನು ಹಿರಿಯರ ಕೈಗೆ ಕೊಟ್ಟರು. ಎಲ್ಲರಿಗೂ ಕೊಟ್ಟು ಆದ ಮೇಲೆಯೇ ಕುರ್ಚಿಯವರು ತೆಗೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅಕ್ಕ ಅದನ್ನು ಚಿಕ್ಕಂದಿನಿಂದ ನೋಡಿದ್ದಳು, ನಾನೂ ನೋಡಿದ್ದೆ. ಆ ಕುರ್ಚಿಗಳು ಬಡಿಸುವವರವು ಎಂದು ಮಾತ್ರ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕ ತಟ್ಟೆ ಹಿಡಿದು ಜನರ ನಡುವಿನ ದಾರಿಯಲ್ಲಿ ಹಿಂದಕ್ಕೆ ಬಂದಳು. ತಾಯಂದಿರಿಗೆ ಕೊಟ್ಟಳು. ಮೂಲೆಗೆ ಬಂದು, ಮೊಣಕಾಲೂರಿ, ದೊಡ್ಡವ್ವನ ಮುಂದೆ ಹಿಡಿದಳು. ತಟ್ಟೆ ಓರೆಯಾಗಿ ಸಣ್ಣ ಗಾಜಿನ ಲೋಟಗಳು ಒಂದು ಕಡೆಗೆ ಜಾರಿದವು.

"ತಟ್ಟಿ ನೆಟ್ಟಗ ಹಿಡಿ. ಚೆಲ್ಲೀತು," ಎಂದಳು ದೊಡ್ಡವ್ವ ಪಿಸುದನಿಯಲ್ಲಿ.

ರೊಟ್ಟಿಯ ತುಣುಕನ್ನು ನಿಧಾನವಾಗಿ ಅಗಿದಳು. ಲೋಟ ಎತ್ತಿ ಕುಡಿದು, ತಟ್ಟೆಯಲ್ಲಿ ಅದರ ಜಾಗಕ್ಕೇ ಇಟ್ಟಳು. ಅಕ್ಕ ಏಳದೆ ಹಾಗೇ ಇದ್ದಳು. ದೊಡ್ಡವ್ವ ಸೆರಗಿನಿಂದ ತನ್ನ ಬಾಯಿ ಒರೆಸಿಕೊಂಡು, ಅದೇ ಸೆರಗಿನಿಂದ ಅಕ್ಕನ ಹಣೆಯ ಬೆವರನ್ನೂ ಒರೆಸಿದಳು.

"ಹೊರಗ ಮೆಟ್ಟಲ ಮ್ಯಾಲ ಯಾರರ ಅದಾರೇನು ನೋಡಿ ಬಾ," ಎಂದಳು. "ಆಮ್ಯಾಲ ಹೋಗಿ ನಿನ್ನ ಜಾಗದಾಗ ಕುಂದ್ರು."

ಅಕ್ಕ ತಟ್ಟೆ ಹಿಡಿದುಕೊಂಡೇ ಹೊಸ್ತಿಲು ದಾಟಿದಳು. ಮೆಟ್ಟಿಲ ಮೇಲೆ ಚಪ್ಪಲಿಗಳು ಮಾತ್ರ ಇದ್ದವು. ಎರಡೂ ಕಡೆ ನೋಡಿ, ಒಳಗೆ ಬಂದು, ಮುಂದೆ ಹೋಗಿ ಕುರ್ಚಿಯಲ್ಲಿ ಕುಳಿತಳು. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಲೋಟ ಅವಳದು.